ಪೇಪರ್ ಎಲ್ಲಿಗೆ ಕಳಿಸೋದು? ಕಾಲೇಜು ಪಾಠದ ಬಗ್ಗೆ ಬರೆಯುವವರಿಗೆ ಜರ್ನಲ್‌ಗಳ ಹೋಲಿಕೆ

ಹೋದ ವರ್ಷ ಬಿ.ಕಾಂ. ಮೊದಲ ವರ್ಷದ ಮಕ್ಕಳಿಗೆ ಅಕೌಂಟ್ಸ್ ಟೆಸ್ಟ್ ಕೊಟ್ಟಿದ್ದೆ. ಉತ್ತರ ಪತ್ರಿಕೆ ವಾಪಸ್ ಕೊಡುವಾಗ ಅಂಕ ಹಾಕಲಿಲ್ಲ. ತಪ್ಪಾದ ಕಡೆ ಪಕ್ಕದಲ್ಲಿ ಒಂದೆರಡು ಸಾಲು ಬರೆದೆ, ಅಷ್ಟೆ. ಒಬ್ಬ ಹುಡುಗಿ ಅಕ್ಟೋಬರ್ 1ಕ್ಕೆ ಕೊಂಡ ಮೆಷಿನ್‌ಗೆ ಇಡೀ ವರ್ಷದ ಡೆಪ್ರಿಸಿಯೇಷನ್ (ಸವಕಳಿ) ಹಾಕಿದ್ದಳು. "ತಾರೀಕು ಮತ್ತೆ ನೋಡು, ಮಾರ್ಚ್ 31ಕ್ಕೆ ಎಷ್ಟು ತಿಂಗಳಾಯ್ತು?" ಅಂತ ಬರೆದಿದ್ದೆ. ಅವಳು ಬೆಂಚಿನ ಮೇಲೆ ಕೂತು ಬೆರಳು ಎಣಿಸಿದಳು, ಆರು ತಿಂಗಳು ಅಂತ ತಾನೇ ತಿದ್ದಿಕೊಂಡಳು. ಅಂಕ ಹಾಕಿ ಕೊಟ್ಟಾಗ ಮಕ್ಕಳು ಮೊದಲ ಪುಟ ನೋಡಿ ಮಡಚಿ ಬ್ಯಾಗಿಗೆ ಹಾಕುತ್ತಿದ್ದರು. ಈ ಸಲ ಎಲ್ಲರೂ ಒಳಗಿನ ಪುಟ ತಿರುಗಿಸಿ ನೋಡುತ್ತಿದ್ದರು.

ಇದನ್ನು ಎರಡು ಸೆಮಿಸ್ಟರ್ ಮಾಡಿ ನೋಡಿ, ಬರೆದಿಟ್ಟುಕೊಂಡು, ಒಂದು ಪೇಪರ್ ಮಾಡಿದೆ. ಆಮೇಲೆ ಶುರುವಾಯಿತು ನಿಜವಾದ ತಲೆನೋವು. ಕಳಿಸೋದು ಎಲ್ಲಿಗೆ?

ಸ್ಟಾಫ್ ರೂಮಿನಲ್ಲಿ ಕೇಳಿದರೆ ಸಿಕ್ಕ ಉತ್ತರ ಒಂದೇ. "ಮೇಡಂ, ವಾಟ್ಸ್ಯಾಪ್ ಗ್ರೂಪಿಗೆ ಬಂದಿದೆ ನೋಡಿ, ಮೂರು ದಿನಕ್ಕೆ ಪಬ್ಲಿಷ್ ಮಾಡಿಕೊಡ್ತಾರಂತೆ." ಅವರು ನನಗೆ ಒಳ್ಳೆಯದಾಗಲಿ ಅಂತಲೇ ಹೇಳಿದ್ದು. ಆದರೆ ಆ ಹುಡುಗಿ ಬೆರಳು ಎಣಿಸಿದ್ದು ಯಾರೂ ಓದದ ಕಡೆ ಹೋಗಿ ಬೀಳೋದು ನನಗೆ ಬೇಡವಾಗಿತ್ತು. ಹಾಗಾಗಿ ಆರೇಳು ತಿಂಗಳು ಕೂತು ಉನ್ನತ ಶಿಕ್ಷಣದ ಜರ್ನಲ್‌ಗಳನ್ನು ಒಂದೊಂದಾಗಿ ಓದಿದೆ. ಓದಿದ ಮೇಲೆ ತಿಳಿದದ್ದು ಇಷ್ಟು: ಜರ್ನಲ್ ಆರಿಸೋದು ಅಂದರೆ ಓದುಗರನ್ನು ಆರಿಸೋದು. ನಿಮ್ಮ ಪೇಪರನ್ನು ಯಾರು ಓದಿ ತಮ್ಮ ಕ್ಲಾಸಿನಲ್ಲೋ ಆಫೀಸಿನಲ್ಲೋ ಏನಾದರೂ ಬದಲಾಯಿಸಬೇಕು? ಮೊದಲು ಅದನ್ನು ತೀರ್ಮಾನ ಮಾಡಿ. ರ್‍ಯಾಂಕು, ಪ್ರಮೋಷನ್ ಪಾಯಿಂಟು, ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್‌ನ ಪೇಪರುಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಅನ್ನುವ ಅಂಕಿ) ಎಲ್ಲ ಆಮೇಲೆ.

ಮೊದಲು ದೊಡ್ಡ ಹೆಸರುಗಳು

ಹೈಯರ್ ಎಜುಕೇಶನ್ ಮತ್ತು ಸ್ಟಡೀಸ್ ಇನ್ ಹೈಯರ್ ಎಜುಕೇಶನ್. ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಇವೇ. ಮೊದಲನೆಯದು 1972ರಿಂದ ಬರುತ್ತಿದೆ, ಈಗ ಸ್ಪ್ರಿಂಗರ್ ಹೊರತರುತ್ತದೆ. ಎರಡನೆಯದು 1976ರಲ್ಲಿ ಶುರುವಾದದ್ದು, ಇಂಗ್ಲೆಂಡಿನ ಉನ್ನತ ಶಿಕ್ಷಣ ಸಂಶೋಧನಾ ಸೊಸೈಟಿಯ ಜರ್ನಲ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಟಿಸುತ್ತದೆ. ಎರಡೂ ಗಟ್ಟಿ. ಎರಡರಲ್ಲೂ ಪೇಪರ್ ಬರೋದು ಸುಲಭವಲ್ಲ.

ವ್ಯತ್ಯಾಸ ಎಲ್ಲಿದೆ ಅಂದರೆ, ಹೈಯರ್ ಎಜುಕೇಶನ್ ವ್ಯವಸ್ಥೆಯನ್ನು ನೋಡುತ್ತದೆ. ದೇಶದಿಂದ ದೇಶಕ್ಕೆ ವಿಶ್ವವಿದ್ಯಾಲಯಗಳು ಹೇಗಿವೆ, ಹಣ ಎಲ್ಲಿಂದ ಬರುತ್ತದೆ, ಯಾರಿಗೆ ಸೀಟು ಸಿಗುತ್ತದೆ, ಯಾರು ಹೊರಗುಳಿಯುತ್ತಾರೆ, ಈ ಥರದ ಪ್ರಶ್ನೆಗಳು ಅಲ್ಲಿ ಜಾಸ್ತಿ. ಪಾಠದ ಬಗ್ಗೆ ಬರೋದಿಲ್ಲ ಅಂತಲ್ಲ. ಜಾನ್ ಬಿಗ್ಸ್ 1996ರಲ್ಲಿ, ಕಲಿಯಬೇಕಾದದ್ದು, ಪಾಠ ಮಾಡುವ ರೀತಿ, ಪರೀಕ್ಷೆ ಮೂರೂ ಒಂದೇ ದಾರಿಯಲ್ಲಿ ಸಾಗಬೇಕು ಅಂತ ಬರೆದ ಹೆಸರಾಂತ ಪೇಪರ್ ಬಂದದ್ದು ಇದೇ ಜರ್ನಲ್‌ನಲ್ಲಿ. ಇವತ್ತು ನಾವು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗಾಗಿ ರಾತ್ರಿ ಕೂತು ತುಂಬುವ ಸಿಒ-ಪಿಒ ಮ್ಯಾಪಿಂಗ್ ಹಾಳೆಯೂ (ಒಂದೊಂದು ವಿಷಯದ ಗುರಿಯನ್ನು ಇಡೀ ಡಿಗ್ರಿಯ ಗುರಿಗೆ ಹೊಂದಿಸುವ ಹಾಳೆ) ಅದೇ ದಾರಿಯ ಯೋಚನೆ. ಮೂಲ ಓದಿದರೆ ಆ ಹಾಳೆಗೆ ಒಂದು ಅರ್ಥ ಇತ್ತು ಅಂತ ಗೊತ್ತಾಗುತ್ತದೆ.

ಸ್ಟಡೀಸ್‌ನಲ್ಲಿ ಕಲಿಕೆ, ಬೋಧನೆ, ಅಧ್ಯಾಪಕರ ಕೆಲಸ, ನೀತಿ ಎಲ್ಲಕ್ಕೂ ಜಾಗ ಇದೆ. ಫೀಡ್‌ಬ್ಯಾಕ್ ಬಗ್ಗೆ ಬರೆಯುವವರೆಲ್ಲ ಉಲ್ಲೇಖಿಸುವ ನಿಕಲ್ ಮತ್ತು ಮ್ಯಾಕ್‌ಫರ್ಲೇನ್-ಡಿಕ್ ಅವರ 2006ರ ಪೇಪರ್ ಇಲ್ಲಿಯದು. ಆದರೆ ಎರಡೂ ಕಡೆ ಒಂದು ಮಾತು ನಿಜ. "ನಮ್ಮ ಕಾಲೇಜಿನಲ್ಲಿ ಹೀಗೆ ಮಾಡಿದೆವು, ಚೆನ್ನಾಗಿ ಆಯಿತು" ಅನ್ನುವಷ್ಟಕ್ಕೆ ಇವು ಬಾಗಿಲು ತೆರೆಯುವುದಿಲ್ಲ. ನಿಮ್ಮ ಕಾಲೇಜಿನ ಕಥೆಯಿಂದ ಕೀನ್ಯಾದ ಅಥವಾ ಚಿಲಿಯ ಓದುಗನಿಗೆ ಏನು ಸಿಗುತ್ತದೆ ಅಂತ ಹೇಳಬೇಕು.

ನಾನು ಮೊದಲು ಕಳಿಸಿದ್ದು ಇಂಥದ್ದೇ ಒಂದು ದೊಡ್ಡ ಜರ್ನಲ್‌ಗೆ. ಒಂಬತ್ತನೇ ದಿನ ವಾಪಸ್ ಬಂತು. ರಿವ್ಯೂಗೂ, ಅಂದರೆ ಬೇರೆ ತಜ್ಞರು ಓದಿ ನೋಡುವ ಹಂತಕ್ಕೂ, ಹೋಗಿರಲಿಲ್ಲ, ಎಡಿಟರ್ ಮೇಜಿನಿಂದಲೇ ತಿರುಗಿತ್ತು. ಆ ದಿನ ಬೇಜಾರಾಯಿತು. ಒಂದು ವಾರ ಬಿಟ್ಟು ನನ್ನ ಪೇಪರನ್ನೇ ಮತ್ತೆ ಓದಿದಾಗ ಅವರು ಮಾಡಿದ್ದು ಸರಿ ಅನಿಸಿತು. ನಾನು ವರದಿ ಬರೆದಿದ್ದೆ, ವಾದ ಮಾಡಿರಲಿಲ್ಲ.

ಪಾಠದ ಕೋಣೆಗೆ ಹತ್ತಿರದವು

ನಮ್ಮಂಥ ಡಿಗ್ರಿ ಕಾಲೇಜಿನವರು ಹೆಚ್ಚಾಗಿ ಬರೆಯೋದು ಕ್ಲಾಸಿನ ಬಗ್ಗೆ. ಹಾಗಾಗಿ ಸ್ವಲ್ಪ ಜಾಸ್ತಿ ಹೊತ್ತು ಇಲ್ಲಿ ನಿಲ್ಲುತ್ತೇನೆ.

ಟೀಚಿಂಗ್ ಇನ್ ಹೈಯರ್ ಎಜುಕೇಶನ್ ಅಂತ ಹೆಸರು ನೋಡಿ ಅನೇಕರು ಮೋಸ ಹೋಗುತ್ತಾರೆ. ಪಾಠದ ಹೊಸ ವಿಧಾನ, ಮೊದಲ ಟೆಸ್ಟ್, ಕೊನೆಯ ಟೆಸ್ಟ್, ಇಷ್ಟು ಶೇಕಡಾ ಸುಧಾರಣೆ ಅಂತ ಒಂದು ಟೇಬಲ್ ಇಟ್ಟುಕೊಂಡು ಇಲ್ಲಿಗೆ ಕಳಿಸಿದರೆ ಸರಿಹೋಗದು. 1996ರಿಂದ ಬರುತ್ತಿರುವ ಈ ಜರ್ನಲ್‌ನ ಉಪಶೀರ್ಷಿಕೆಯಲ್ಲೇ ವಿಮರ್ಶಾತ್ಮಕ ದೃಷ್ಟಿ ಅಂತಿದೆ. ಇಲ್ಲಿ ಕೇಳುವ ಪ್ರಶ್ನೆಯೇ ಬೇರೆ. ಯಾರ ಜ್ಞಾನವನ್ನು ಜ್ಞಾನ ಅಂತ ಒಪ್ಪುತ್ತೇವೆ? ಕನ್ನಡ ಮೀಡಿಯಂನಿಂದ ಬಂದ ಹುಡುಗ ಇಂಗ್ಲಿಷ್ ಪಠ್ಯದ ಮುಂದೆ ಸುಮ್ನೆ ಕೂತರೆ ಅದು ಅವನ ಕೊರತೆಯೋ ನಾವು ಕ್ಲಾಸ್ ಕಟ್ಟಿರುವ ರೀತಿಯ ಕೊರತೆಯೋ? ಇಂಥ ಪ್ರಶ್ನೆ ನಿಮ್ಮನ್ನು ಕಾಡುತ್ತಿದ್ದರೆ, ಅದರ ಬಗ್ಗೆ ನೀವು ಓದಿದ್ದರೆ, ಇದು ನಿಮ್ಮ ಮನೆ. ಪೂರ್ತಿ ಸಂಶೋಧನಾ ಲೇಖನ ಅಲ್ಲದೆ, ಒಂದು ಯೋಚನೆಯನ್ನು ಚಿಕ್ಕದಾಗಿ ಮುಂದಿಡುವ ವಿಭಾಗವೂ ಅಲ್ಲಿದೆ.

ಟೇಬಲ್ ಇಟ್ಟುಕೊಂಡವರಿಗೆ ಆ್ಯಕ್ಟಿವ್ ಲರ್ನಿಂಗ್ ಇನ್ ಹೈಯರ್ ಎಜುಕೇಶನ್ ಹತ್ತಿರವಾಗಬಹುದು. 2000ದಲ್ಲಿ ಶುರುವಾದದ್ದು, ಸೇಜ್ ಪ್ರಕಾಶನದ್ದು. ವಿದ್ಯಾರ್ಥಿಗಳನ್ನು ಕೆಲಸಕ್ಕೆ ಹಚ್ಚುವ ಪಾಠ, ಗುಂಪು ಕೆಲಸ, ಚರ್ಚೆ, ಇಂಥದ್ದಕ್ಕೆ ಪುರಾವೆ ಕೇಳುತ್ತದೆ. ಪುರಾವೆ ಅಂದರೆ ಗಟ್ಟಿ ಪುರಾವೆ. ಒಂದು ಸೆಕ್ಷನ್, ನಲವತ್ತು ಮಕ್ಕಳು, ಒಂದು ಗೂಗಲ್ ಫಾರ್ಮ್ ಸಾಲದು.

ನನ್ನ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರವಾದದ್ದು ಅಸೆಸ್‌ಮೆಂಟ್ ಅಂಡ್ ಇವ್ಯಾಲ್ಯುಯೇಶನ್ ಇನ್ ಹೈಯರ್ ಎಜುಕೇಶನ್. 1975ರಿಂದ ಇದೆ. ಪರೀಕ್ಷೆ, ಇಂಟರ್ನಲ್, ಅಂಕ, ಫೀಡ್‌ಬ್ಯಾಕ್, ವಿದ್ಯಾರ್ಥಿಗಳು ಅಧ್ಯಾಪಕರಿಗೆ ಕೊಡುವ ರೇಟಿಂಗ್, ಎಲ್ಲಾ ಇಲ್ಲಿ ಬರುತ್ತದೆ. ಡೇವಿಡ್ ಕಾರ್ಲೆಸ್ ಮತ್ತು ಡೇವಿಡ್ ಬೌಡ್ 2018ರಲ್ಲಿ ಬರೆದ ಒಂದು ಪೇಪರ್ ಓದಿ ನನಗೆ ಕಣ್ಣು ತೆರೆದಂತಾಯಿತು. ಫೀಡ್‌ಬ್ಯಾಕ್ ಅಂದರೆ ಮೇಷ್ಟ್ರು ಕೊಡುವ ವಸ್ತು ಅಂತ ನಾನು ಅಂದುಕೊಂಡಿದ್ದೆ. ಅದನ್ನು ತೆಗೆದುಕೊಂಡು ಬಳಸುವುದು ವಿದ್ಯಾರ್ಥಿ ಕಲಿಯಬೇಕಾದ ಒಂದು ಕೌಶಲ, ಅದನ್ನು ನಾವೇ ಕಲಿಸಬೇಕು ಅಂತ ಅವರು ಹೇಳುತ್ತಾರೆ. ಬೆರಳು ಎಣಿಸಿದ ಹುಡುಗಿ ಮಾಡಿದ್ದು ಅದನ್ನೇ ಅಲ್ವಾ? ಅವಳು ಮಾಡಿದ್ದಕ್ಕೆ ಒಂದು ಹೆಸರಿದೆ ಅಂತ ಗೊತ್ತಾದ ಮೇಲೆ ನನ್ನ ಪೇಪರಿನ ಅರ್ಧ ಭಾಗ ಹೊಸದಾಗಿ ಬರೆದೆ.

ಇಲ್ಲಿ ನಾನು ಕಲಿತ ಒಂದು ಉಪಾಯ ಹೇಳುತ್ತೇನೆ, ಇದಕ್ಕೆ ಹತ್ತು ನಿಮಿಷ ಸಾಕು. ನಿಮ್ಮ ಪೇಪರಿನ ಕೊನೆಗೆ ಇರುವ ಉಲ್ಲೇಖಗಳ ಪಟ್ಟಿ ತೆಗೆಯಿರಿ. ಯಾವ ಜರ್ನಲ್‌ನ ಹೆಸರು ಎಷ್ಟು ಸಲ ಬಂದಿದೆ ಅಂತ ಪಕ್ಕದಲ್ಲಿ ಗೆರೆ ಹಾಕುತ್ತಾ ಎಣಿಸಿ. ಜಾಸ್ತಿ ಸಲ ಬಂದ ಹೆಸರೇ ನಿಮ್ಮ ಪೇಪರ್ ಹೋಗಬೇಕಾದ ಜಾಗ. ಯಾವ ಜರ್ನಲ್‌ಗೆ ಕಳಿಸಬೇಕೆಂದಿದ್ದೀರೋ ಅದರ ಒಂದು ಪೇಪರೂ ನಿಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೆ, ಅಲ್ಲಿ ನಡೆಯುತ್ತಿರುವ ಮಾತುಕತೆಯನ್ನು ನೀವು ಇನ್ನೂ ಕೇಳಿಲ್ಲ ಅಂತಲೇ ಅರ್ಥ. ನನ್ನ ಮೊದಲ ಪಟ್ಟಿಯಲ್ಲಿ ಇಪ್ಪತ್ತೆರಡು ಉಲ್ಲೇಖ ಇದ್ದವು, ಅದರಲ್ಲಿ ಹದಿನಾರು ಬಿ.ಎಡ್. ಪಠ್ಯಪುಸ್ತಕಗಳು. ಒಂಬತ್ತೇ ದಿನಕ್ಕೆ ಯಾಕೆ ವಾಪಸ್ ಬಂತು ಅಂತ ಆಗ ಗೊತ್ತಾಯಿತು.

ಇನ್ನೊಂದು ಹೆಸರು ಹೈಯರ್ ಎಜುಕೇಶನ್ ರಿಸರ್ಚ್ ಅಂಡ್ ಡೆವಲಪ್‌ಮೆಂಟ್, ಎಲ್ಲರೂ ಹರ್ಡ್ ಅಂತ ಕರೆಯುತ್ತಾರೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಕಡೆಯವರ ಸಂಘದ ಜರ್ನಲ್, 1982ರಿಂದ ಬರುತ್ತಿದೆ. ಅಧ್ಯಾಪಕರು ಹೇಗೆ ಬೆಳೆಯುತ್ತಾರೆ, ಪಿಎಚ್‌.ಡಿ. ಗೈಡ್ ಮತ್ತು ವಿದ್ಯಾರ್ಥಿಯ ಸಂಬಂಧ ಹೇಗಿರುತ್ತದೆ ಇತ್ಯಾದಿ ಬರೆಯುವವರು ಇದನ್ನು ಮೊದಲು ನೋಡಲಿ.

ಅಮೆರಿಕದವು ನಮಗೆ ಸ್ವಲ್ಪ ದೂರ. ಜರ್ನಲ್ ಆಫ್ ಹೈಯರ್ ಎಜುಕೇಶನ್ 1930ರಷ್ಟು ಹಳೆಯದು, ರಿಸರ್ಚ್ ಇನ್ ಹೈಯರ್ ಎಜುಕೇಶನ್ 1973ರದ್ದು. ಎರಡರಲ್ಲೂ ಅಲ್ಲಿನ ಕಾಲೇಜುಗಳ ವಿಷಯವೇ ಹೆಚ್ಚು. ಎರಡನೆಯದಂತೂ ಅಂಕಿಅಂಶದ ಗಟ್ಟಿ ಕೆಲಸ ಗೊತ್ತಿದ್ದವರಿಗೆ. ಓದಿ, ಕಲಿಯಲು ಒಳ್ಳೆಯದು.

ದುಡ್ಡಿನ ಮಾತು

ಮೇಲೆ ಹೇಳಿದ ಜರ್ನಲ್‌ಗಳಲ್ಲಿ ಓದುವವರೇ ದುಡ್ಡು ಕಟ್ಟುವ ಹಳೆಯ ಚಂದಾ ಪದ್ಧತಿಯಲ್ಲಿ ಪ್ರಕಟಿಸಿದರೆ ನೀವು ಒಂದು ರೂಪಾಯಿ ಕೊಡಬೇಕಿಲ್ಲ. ಇದು ನಮ್ಮಲ್ಲಿ ಅನೇಕರಿಗೆ ಗೊತ್ತೇ ಇಲ್ಲ. "ಇಂಟರ್‌ನ್ಯಾಷನಲ್ ಜರ್ನಲ್ ಅಂದ್ರೆ ಲಕ್ಷ ಬೇಕು" ಅಂದುಕೊಂಡು ಸ್ಥಳೀಯವಾಗಿ ಎರಡು ಸಾವಿರ ಕಟ್ಟಿ ಬರುತ್ತಾರೆ. ದುಡ್ಡು ಬೇಕಾಗೋದು ಪೇಪರನ್ನು ಎಲ್ಲರಿಗೂ ಉಚಿತವಾಗಿ ತೆರೆದಿಡಿ ಅಂತ ನೀವು ಆಯ್ಕೆ ಮಾಡಿದರೆ. ಆಗ ಬಿಲ್ಲು ಲಕ್ಷಗಳಲ್ಲೇ ಬರುತ್ತದೆ. ಪೇಪರ್ ಒಪ್ಪಿಗೆಯಾದ ಮೇಲೆ ಬರುವ ಫಾರ್ಮ್‌ನಲ್ಲಿ ಆ ಆಯ್ಕೆಯನ್ನು ಗುರುತು ಹಾಕಬೇಡಿ, ಅಷ್ಟೆ. ನಿಧಾನವಾಗಿ ಓದಿ ಕ್ಲಿಕ್ ಮಾಡಿ.

ಬರೆಯಲೂ ಉಚಿತ, ಓದಲೂ ಉಚಿತ ಅನ್ನುವಂಥವೂ ಇವೆ. ಟೀಚಿಂಗ್ ಅಂಡ್ ಲರ್ನಿಂಗ್ ಇನ್‌ಕ್ವೈರಿ ಅಂತ ಒಂದಿದೆ, 2013ರಲ್ಲಿ ಶುರುವಾಯಿತು, ಈಗ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಿಂದ ಬರುತ್ತದೆ. ಇಂಡಿಯಾನಾ ವಿಶ್ವವಿದ್ಯಾಲಯದ ಜರ್ನಲ್ ಆಫ್ ದ ಸ್ಕಾಲರ್‌ಶಿಪ್ ಆಫ್ ಟೀಚಿಂಗ್ ಅಂಡ್ ಲರ್ನಿಂಗ್ ಇನ್ನೊಂದು. ತಮ್ಮ ತರಗತಿಯನ್ನೇ ಪ್ರಶ್ನೆ ಮಾಡಿಕೊಂಡು ನೋಡುವ ಮೇಷ್ಟ್ರುಗಳಿಗೆಂದೇ ಇರುವ ಜರ್ನಲ್‌ಗಳು ಇವು. ಕೆಮಿಸ್ಟ್ರಿ ಮೇಡಂ, ಹಿಸ್ಟರಿ ಸರ್, ಯಾರು ಬೇಕಾದರೂ ಬರೆಯಬಹುದು, ಶಿಕ್ಷಣಶಾಸ್ತ್ರದ ಡಿಗ್ರಿ ಬೇಕಿಲ್ಲ. ಮೊದಲ ಸಲ ಬರೆಯುವವರಿಗೆ ನಾನು ಮನಸಾರೆ ಹೇಳುವ ಹೆಸರುಗಳು. ನಿಮ್ಮ ಪಕ್ಕದ ಕಾಲೇಜಿನ ಅತಿಥಿ ಉಪನ್ಯಾಸಕರೂ ಮೊಬೈಲಿನಲ್ಲೇ ತೆರೆದು ಓದಬಹುದು. ನನಗೆ ಇದು ಸಣ್ಣ ವಿಷಯ ಅನಿಸುವುದಿಲ್ಲ.

ಓದುವ ವಿಷಯಕ್ಕೆ ಬಂದರೆ, 2025ರ ಜನವರಿಯಿಂದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್, ಅಂದರೆ ಸರ್ಕಾರಿ ಸಂಸ್ಥೆಗಳ ಪರವಾಗಿ ಕೇಂದ್ರ ಸರ್ಕಾರವೇ ಜರ್ನಲ್‌ಗಳಿಗೆ ಚಂದಾ ಕಟ್ಟುವ ಯೋಜನೆ, ಜಾರಿಯಲ್ಲಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳು. ಸ್ಪ್ರಿಂಗರ್, ಟೇಲರ್ ಅಂಡ್ ಫ್ರಾನ್ಸಿಸ್, ಸೇಜ್ ಎಲ್ಲವೂ ಇದರಲ್ಲಿವೆ. ನೀವು ಸರ್ಕಾರಿ ಕಾಲೇಜಿನಲ್ಲಿದ್ದರೆ ನಿಮ್ಮ ಲೈಬ್ರರಿಯನ್ನರನ್ನು ಕೇಳಿ, ಕಾಲೇಜು ಲೈಬ್ರರಿಗಳನ್ನು ಜೋಡಿಸುವ ಇನ್‌ಫ್ಲಿಬ್‌ನೆಟ್ ಮೂಲಕ ಲಾಗಿನ್ ಸಿಗುತ್ತದೆಯೇ ಅಂತ. ಖಾಸಗಿ ಕಾಲೇಜಿನ ಸ್ನೇಹಿತರಿಗೆ ಈ ಬಾಗಿಲು ಇನ್ನೂ ತೆರೆದಿಲ್ಲ. ಅವರು ಲೇಖಕರಿಗೇ ಒಂದು ಇಮೇಲ್ ಬರೆದರೆ ಸಾಮಾನ್ಯವಾಗಿ ಪಿಡಿಎಫ್ ಕಳಿಸುತ್ತಾರೆ. ನಾನು ನಾಲ್ಕು ಜನಕ್ಕೆ ಬರೆದಿದ್ದೆ, ಮೂವರು ಕಳಿಸಿದರು.

ನಮ್ಮ ದೇಶದವು

ವಿಷಯ ನಮ್ಮ ರಾಜ್ಯದ್ದೇ ಆಗಿದ್ದರೆ ಲೆಕ್ಕ ಬದಲಾಗುತ್ತದೆ. ಕರ್ನಾಟಕದಲ್ಲಿ 2021ರಲ್ಲಿ ಹೊಸ ಶಿಕ್ಷಣ ನೀತಿ ಎಲ್ಲರಿಗಿಂತ ಮೊದಲು ಬಂತು, 2024ರಲ್ಲಿ ನಾಲ್ಕು ವರ್ಷದ ಡಿಗ್ರಿ ಹೋಗಿ ಮತ್ತೆ ಮೂರು ವರ್ಷವಾಯಿತು. ಇದರ ಮಧ್ಯೆ ಓದಿದ ಬ್ಯಾಚುಗಳಿಗೆ, ಸಿಲಬಸ್ ಎರಡೆರಡು ಸಲ ಬದಲಿಸಿ ಪಾಠ ಮಾಡಿದ ನಮಗೆ, ಏನಾಯಿತು ಅಂತ ಬರೆಯಬೇಕಾದದ್ದು ಬೇಕಾದಷ್ಟಿದೆ. ಅದನ್ನು ಹೊರದೇಶದ ಜರ್ನಲ್‌ಗೆ ಕಳಿಸಿದರೆ ಮೂರು ಪುಟ ಹಿನ್ನೆಲೆ ವಿವರಿಸುವುದಕ್ಕೇ ಹೋಗುತ್ತದೆ. ದೆಹಲಿಯ ನೀಪಾ (ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆ) 1987ರಿಂದ ತರುತ್ತಿರುವ ಜರ್ನಲ್ ಆಫ್ ಎಜುಕೇಶನಲ್ ಪ್ಲಾನಿಂಗ್ ಅಂಡ್ ಅಡ್ಮಿನಿಸ್ಟ್ರೇಶನ್‌ಗೆ ಕಳಿಸಿದರೆ ಆ ವಿವರಣೆ ಬೇಕಿಲ್ಲ, ಓದುವವರು ನೀತಿ ಮಾಡುವವರಿಗೂ ಹತ್ತಿರದವರು. ಕೇರಳ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು 2014ರಿಂದ ಸೇಜ್ ಜೊತೆ ತರುತ್ತಿರುವ ಹೈಯರ್ ಎಜುಕೇಶನ್ ಫಾರ್ ದ ಫ್ಯೂಚರ್ ಕೂಡ ಚೆನ್ನಾಗಿದೆ, ವರ್ಷಕ್ಕೆ ಎರಡು ಸಂಚಿಕೆ. ಪಕ್ಕದ ರಾಜ್ಯ ಮಾಡಿದ್ದನ್ನು ನಮ್ಮ ರಾಜ್ಯವೂ ಮಾಡಬಾರದೇಕೆ ಅಂತ ನನಗೆ ಪ್ರತಿ ಸಂಚಿಕೆ ನೋಡಿದಾಗಲೂ ಅನಿಸುತ್ತದೆ. ವಾದ ಚೂಪಾಗಿದ್ದು, ಸಮಾಜಶಾಸ್ತ್ರ ಅಥವಾ ಅರ್ಥಶಾಸ್ತ್ರದ ತಳಹದಿ ಇದ್ದರೆ ಮುಂಬೈಯ ಇಪಿಡಬ್ಲ್ಯೂ (ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ). ಅಲ್ಲಿ ಬಂದರೆ ಪತ್ರಕರ್ತರಿಂದ ಹಿಡಿದು ಅಧಿಕಾರಿಗಳವರೆಗೆ ಓದುತ್ತಾರೆ, ಆದರೆ ಪೈಪೋಟಿ ಜೋರು.

ಯೂನಿವರ್ಸಿಟಿ ನ್ಯೂಸ್ ಎಲ್ಲರಿಗೂ ಗೊತ್ತು, ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟದ ವಾರಪತ್ರಿಕೆ. ಲೈಬ್ರರಿ ಮೇಜಿನ ಮೇಲೆ ಇರುತ್ತದೆ, ಪ್ರಿನ್ಸಿಪಾಲರೂ ನೋಡುತ್ತಾರೆ. ಅಭಿಪ್ರಾಯ, ಅನುಭವ ಬರೆಯಲು ಸರಿ. ಆಳವಾದ ಸಂಶೋಧನೆಗೆ ಬೇರೆ ಜಾಗ ನೋಡಿ.

ವಿಜ್ಞಾನ ಪಾಠ ಮಾಡುವವರು ಮೇಲಿನ ಎಲ್ಲವನ್ನೂ ಬಿಟ್ಟು ನಮ್ಮ ಬೆಂಗಳೂರಿನ ರೆಸೊನೆನ್ಸ್ ನೋಡಿದರೂ ತಪ್ಪಿಲ್ಲ. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ 1996ರಿಂದ ತಿಂಗಳಿಗೊಂದು ಸಂಚಿಕೆಯಂತೆ ತರುತ್ತಿದೆ. ಅದರಲ್ಲಿ ತರಗತಿಗೆಂದೇ ಒಂದು ವಿಭಾಗ ಇದೆ. ಲೋಲಕದ ಪ್ರಯೋಗವನ್ನು ಬೇರೆ ರೀತಿ ಮಾಡಿಸಿದೆ, ಈ ಸೂತ್ರವನ್ನು ಹೀಗೆ ಹೇಳಿದರೆ ಮಕ್ಕಳಿಗೆ ಬೇಗ ಹತ್ತುತ್ತದೆ, ಇಂಥದ್ದನ್ನು ಅಲ್ಲಿ ಬರೆಯಬಹುದು. ಹಳೆಯ ಸಂಚಿಕೆಗಳೆಲ್ಲ ಉಚಿತವಾಗಿ ಸಿಗುತ್ತವೆ. ಎಂಜಿನಿಯರಿಂಗ್‌ನವರಿಗೆ ಮಹಾರಾಷ್ಟ್ರದ ರಾಜಾರಾಮ್‌ಬಾಪು ಕಾಲೇಜು ತರುವ ಜರ್ನಲ್ ಆಫ್ ಎಂಜಿನಿಯರಿಂಗ್ ಎಜುಕೇಶನ್ ಟ್ರಾನ್ಸ್‌ಫರ್ಮೇಶನ್ಸ್ ಇದೆ.

ಪಾಯಿಂಟು, ಪಟ್ಟಿ ಮತ್ತು ಮೂರು ದಿನದ ಜರ್ನಲ್

ಪ್ರಮೋಷನ್ ಬೇಡ ಅಂತ ಯಾರೂ ಹೇಳಲಾಗದು, ನಾನೂ ಹೇಳುವುದಿಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಒಂದು ಪೇಪರಿಗೆ ವಿಜ್ಞಾನದವರಿಗೆ 8, ಭಾಷೆ, ಸಮಾಜ ವಿಜ್ಞಾನ, ಕಾಮರ್ಸ್‌ನವರಿಗೆ 10 ಪಾಯಿಂಟ್. ಇಬ್ಬರು ಸೇರಿ ಬರೆದರೆ ಒಬ್ಬೊಬ್ಬರಿಗೂ ಅದರ ಶೇ. 70. ಇದರ ಮೇಲೆ ಇಂಪ್ಯಾಕ್ಟ್ ಫ್ಯಾಕ್ಟರ್ ಇದ್ದರೆ ಹೆಚ್ಚುವರಿ ಪಾಯಿಂಟ್ ಬೇರೆ. ಅಂದರೆ ಒಂದು ಒಳ್ಳೆಯ ಜರ್ನಲ್‌ನ ಒಂದು ಪೇಪರ್, ಬೇಗ ಬೇಗ ಮುಗಿಸಿದ ಎರಡು ಪೇಪರಿಗಿಂತ ಹೆಚ್ಚು ಪಾಯಿಂಟ್ ತರಬಹುದು. ಪಾಯಿಂಟ್ ಲೆಕ್ಕದಲ್ಲೂ ಅವಸರದವರಿಗೇ ನಷ್ಟ.

"ಕೇರ್ ಲಿಸ್ಟ್‌ನಲ್ಲಿ ಇದೆಯಾ?" ಅಂತ ಈಗಲೂ ಕೇಳುವವರಿದ್ದಾರೆ. ಒಪ್ಪಬಹುದಾದ ಜರ್ನಲ್‌ಗಳು ಇವು ಅಂತ 2019ರಲ್ಲಿ ಬಂದ ಯುಜಿಸಿ ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಯುಜಿಸಿಯೇ ನಿಲ್ಲಿಸಿತು. ಪಟ್ಟಿಯ ಬದಲು ಜರ್ನಲ್ ಅಳೆಯಲು ಕೆಲವು ಅಂಶಗಳನ್ನು ಕೊಟ್ಟು, ನೀವೇ ನೋಡಿ ಅಂತ ಸಂಸ್ಥೆಗಳಿಗೆ ಬಿಟ್ಟಿತು. ಹಾಗಾಗಿ "ಯುಜಿಸಿ ಕೇರ್ ಅನುಮೋದಿತ" ಅಂತ ಈಗಲೂ ಬ್ಯಾನರ್ ಹಾಕಿಕೊಂಡು ಪೇಪರ್ ಕೇಳುವವರನ್ನು ಕಂಡರೆ ಅಲ್ಲೇ ನಿಲ್ಲಿ. ಅದಕ್ಕೂ ಹಿಂದಿನ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ ಒಂದೇ ಸಲ 4,305 ಜರ್ನಲ್‌ಗಳನ್ನು ಕಿತ್ತು ಹಾಕಿದ್ದು ನೆನಪಿರಲಿ. ಪಟ್ಟಿಯನ್ನೇ ನಂಬಿ ಕೂತವರ ಕಥೆ ಏನಾಯಿತು, ನೀವೇ ಯೋಚಿಸಿ. ಇನ್ನು ಪಿಎಚ್‌.ಡಿ. ಮಾಡುತ್ತಿರುವವರಿಗೆ ಒಂದು ಮಾತು: 2022ರ ನಿಯಮದಿಂದ ಯುಜಿಸಿ ಮಟ್ಟದಲ್ಲಿ ಥೀಸಿಸ್ ಸಲ್ಲಿಸುವ ಮುಂಚೆ ಪೇಪರ್ ಪ್ರಕಟಿಸಲೇಬೇಕು ಅನ್ನುವ ಕಡ್ಡಾಯ ಹೋಗಿದೆ. ನಿಮ್ಮ ವಿಶ್ವವಿದ್ಯಾಲಯದ ನಿಯಮ ಏನಿದೆ ನೋಡಿಕೊಳ್ಳಿ, ಹೆದರಿ ದುಡ್ಡು ಕಟ್ಟಬೇಡಿ.

ನಾನು ಆ ಮೂರು ದಿನದ ಜರ್ನಲ್‌ನ ಪುಟ ತೆರೆದು ನೋಡಿದ್ದೆ. ಒಂದೇ ಸಂಚಿಕೆಯಲ್ಲಿ ಟೊಮೆಟೊ ಬೆಳೆಯ ರೋಗ, ವಚನ ಸಾಹಿತ್ಯ, ನರ್ಸಿಂಗ್, ಜಿಎಸ್‌ಟಿ. ಸಂಪಾದಕ ಮಂಡಳಿಯಲ್ಲಿ ಹೆಸರುಗಳಿದ್ದವು, ಆದರೆ ಯಾರ ಪಕ್ಕದಲ್ಲೂ ವಿಶ್ವವಿದ್ಯಾಲಯದ ಇಮೇಲ್ ಇರಲಿಲ್ಲ. ಹಣ ಕಟ್ಟಲು ಕ್ಯೂಆರ್ ಕೋಡ್ ಮಾತ್ರ ದೊಡ್ಡದಾಗಿ ಇತ್ತು. "ಐಎಸ್‌ಎಸ್‌ಎನ್ ಇದೆಯಲ್ಲ ಮೇಡಂ" ಅಂದರು ನಮ್ಮವರು. ಐಎಸ್‌ಎಸ್‌ಎನ್, ಅಂದರೆ ಜರ್ನಲ್‌ನ ಗುರುತಿನ ಸಂಖ್ಯೆ, ಗಾಡಿಯ ನಂಬರ್ ಪ್ಲೇಟ್ ಇದ್ದ ಹಾಗೆ. ಯಾವ ಗಾಡಿ ಅಂತ ಹೇಳುತ್ತದೆ, ಬ್ರೇಕ್ ಹಿಡಿಯುತ್ತದೆಯೋ ಇಲ್ಲವೋ ಹೇಳುವುದಿಲ್ಲ. ಇಂಪ್ಯಾಕ್ಟ್ ಫ್ಯಾಕ್ಟರ್ ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದರೆ ಆ ಅಂಕಿ ಲೆಕ್ಕ ಹಾಕುವ ಕ್ಲಾರಿವೇಟ್ ಕಂಪನಿಯ ಮಾಸ್ಟರ್ ಜರ್ನಲ್ ಲಿಸ್ಟ್‌ನಲ್ಲಿ ಹುಡುಕಿ. ಇನ್ನೊಂದು ದೊಡ್ಡ ಜರ್ನಲ್ ಸೂಚಿಯಾದ ಸ್ಕೋಪಸ್‌ನಲ್ಲಿ ಇದೆ ಅಂತ ಹೇಳಿಕೊಂಡಿದ್ದರೆ ಸ್ಕೋಪಸ್‌ನ ಸ್ವಂತ ಪುಟದಲ್ಲಿ ಹುಡುಕಿ. ಉಚಿತ ಓದಿನ ಜರ್ನಲ್ ಆದರೆ ಅಂಥವುಗಳ ಪಟ್ಟಿಯಾದ ಡಿಒಎಜೆಯಲ್ಲಿ ನೋಡಿ. ಮೂರೂ ಹುಡುಕಲು ದುಡ್ಡು ಬೇಕಿಲ್ಲ. ಆ ಜರ್ನಲ್ ಕಳಿಸಿದ ಲಿಂಕ್ ಒತ್ತಬೇಡಿ, ನೀವೇ ಟೈಪ್ ಮಾಡಿ ಹೋಗಿ. ನಿಜವಾದ ಜರ್ನಲ್‌ನ ಹೆಸರನ್ನೇ ಕದ್ದು ನಕಲಿ ವೆಬ್‌ಸೈಟ್ ಮಾಡುವವರೂ ಇದ್ದಾರೆ.

ಕಳಿಸುವ ಮುಂಚೆ

ಯಾವುದೇ ಜರ್ನಲ್ ಆರಿಸಿದರೂ ಅದರ ಹಿಂದಿನ ಎರಡು ವರ್ಷದ ಸಂಚಿಕೆಗಳ ಶೀರ್ಷಿಕೆ ಪೂರ್ತಿ ಓದಿ, ಮೂರು ಪೇಪರ್ ಆದರೂ ಕೊನೆತನಕ ಓದಿ. ಭಾರತದಂಥ ದೇಶಗಳಿಂದ ಬಂದ ಪೇಪರ್ ಒಂದಾದರೂ ಇದೆಯೇ, ಅವರು ತಮ್ಮ ಕಾಲೇಜನ್ನು ಹೊರಗಿನವರಿಗೆ ಎಷ್ಟು ಸಾಲಿನಲ್ಲಿ ಪರಿಚಯ ಮಾಡಿದ್ದಾರೆ ಅಂತ ಗಮನಿಸಿ. ನನಗೆ ಇದರಿಂದ ತುಂಬಾ ಸಹಾಯ ಆಯಿತು. ಒಂದೇ ಪೇಪರನ್ನು ಎರಡು ಕಡೆ ಒಟ್ಟಿಗೆ ಕಳಿಸಬೇಡಿ, ಅದು ಈ ಲೋಕದಲ್ಲಿ ದೊಡ್ಡ ತಪ್ಪು. ಉತ್ತರ ಬರಲು ಆರು ತಿಂಗಳಾದರೂ ಆಗಬಹುದು, ಅದಕ್ಕೆ ತಯಾರಾಗಿರಿ. ರಿವ್ಯೂವರ್‌ಗಳು ಎರಡು ಪುಟ ಟೀಕೆ ಬರೆದರೆ ಅದನ್ನು ಬೈಗುಳ ಅಂದುಕೊಳ್ಳಬೇಡಿ. ಗುರುತು ಪರಿಚಯ ಇಲ್ಲದ ಯಾರೋ ನಿಮ್ಮ ಪೇಪರನ್ನು ಸಾಲು ಸಾಲಾಗಿ ಓದಿ ಪಕ್ಕದಲ್ಲಿ ಬರೆದು ಕೊಟ್ಟಿದ್ದಾರೆ.

ಮತ್ತೆ, ಕಳಿಸುವ ದಿನವೇ ಮೂರು ಹೆಸರು ಒಂದರ ಕೆಳಗೊಂದು ಬರೆದಿಟ್ಟುಕೊಳ್ಳಿ. ವಾಪಸ್ ಬಂದ ದಿನ ಬೇಜಾರಿನಲ್ಲಿ ಕೂತು ಹೊಸದಾಗಿ ಹುಡುಕಲು ಹೋದರೆ ಕೈ ಸೀದಾ ಆ ವಾಟ್ಸ್ಯಾಪ್ ಮೆಸೇಜಿನ ಕಡೆಗೇ ಹೋಗುತ್ತದೆ. ನನ್ನ ಡೈರಿಯ ಹಿಂದಿನ ಪುಟದಲ್ಲಿ ಮೂರು ಹೆಸರಿವೆ. ಮೊದಲನೆಯದರ ಮೇಲೆ ಗೆರೆ ಎಳೆದಾಗಿದೆ. ಎರಡನೆಯ ಕಡೆ ಪೇಪರ್ ರಿವ್ಯೂಗೆ ಹೋಗಿ ಈಗ ಹನ್ನೊಂದು ವಾರ.